ಇಬ್ಬರು ನಿಂಗಮ್ಮಂದಿರು

ಗಣಿತದ ಮೇಷ್ಟ್ರಿಗೆ ತಮ್ಮ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಇಪ್ಪತ್ತು ವರ್ಷ ಬೇರೆಯವರ ತಪ್ಪಿಗೇ ಕೆಂಪು ಗೆರೆ ಎಳೆದ ಕೈ ನೋಡಿ! ಈ ಸತ್ಯ ನನಗೆ ಹೊಳೆದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ಸಕಲೇಶಪುರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ನಮ್ಮ ಶಾಲೆಗೆ ಕಂಪ್ಯೂಟರ್ ಬರುತ್ತದೆಂದು ಸುದ್ದಿಯಾಗಿ, ಅದನ್ನು ಕಲಿಸುವವನು ನಾನೇ ಎಂದು ಹೆಡ್‌ಮಾಸ್ಟರು ತೀರ್ಮಾನಿಸಿಬಿಟ್ಟಿದ್ದರು. ಹಾಗಾಗಿ ಭಾನುವಾರ ಬಂದರೆ ಹಾನುಬಾಳಿನಲ್ಲಿ ಬಸ್ಸು ಹತ್ತುತ್ತಿದ್ದೆ. ಕ್ಲಾಸಿನಲ್ಲಿ ಪಕ್ಕದ ಕುರ್ಚಿ ಸರೋಜಳದು. ಯಸಳೂರು ಕಡೆಯ ಎಸ್ಟೇಟ್ ಲೈನುಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಅಂಚೆ ಹಂಚುವ ಕೆಲಸ ಅವಳದು. ಹಿಂದೆ ನನ್ನ ಶಿಷ್ಯೆ. ಲೆಕ್ಕದಲ್ಲಿ ಅವಳನ್ನು ಎರಡು ಸಲ ಫೇಲು ಮಾಡಿದ ಕೀರ್ತಿಯೂ ನನ್ನದೇ.

ಅವತ್ತಿನ ಅಭ್ಯಾಸ ಬಲು ಸುಲಭ. ಎರಡು ಹೆಸರು ಟೈಪ್ ಮಾಡಿದರೆ, ಅವು ಒಂದೇನಾ ಬೇರೆಯಾ ಎಂದು ಕಂಪ್ಯೂಟರು ಹೇಳಬೇಕು. ಎರಡರ ನಡುವೆ ಸಮ ಚಿಹ್ನೆ ಹಾಕಿ, ಕೈ ಕಟ್ಟಿ ಕುಳಿತೆ. ನಿಂಗಮ್ಮ, ನಿಂಗಮ್ಮ ಎಂದು ಕೊಟ್ಟರೆ 'ಬೇರೆ' ಎಂದಿತು. ಅಕ್ಷರ ಅಕ್ಷರ ನೋಡಿ ಮತ್ತೆ ಕೊಟ್ಟೆ. ಮತ್ತೂ 'ಬೇರೆ'. ಮಿಷನ್ನೇ ಕೆಟ್ಟಿದೆ ಎಂದು ಇಡೀ ಕೋಣೆಗೆ ಕೇಳುವಂತೆ ಘೋಷಿಸಿದೆ.

ಸರೋಜ ನನ್ನ ಪರದೆಯ ಕಡೆ ಬಾಗಿದಳು. "ಮಿಷನ್ ಸರಿಯಾಗೇ ಐತೆ ಸಾರ್. ನೀವು ಹೆಸರು ಹೋಲಿಸ್ತಾ ಇಲ್ಲ, ವಿಳಾಸ ಹೋಲಿಸ್ತಿದ್ದೀರ."

"ಇದರಲ್ಲಿ ವಿಳಾಸ ಎಲ್ಲಿಂದ ಬಂತು?"

"ಒಂದೊಂದು ಹೆಸರನ್ನೂ ಅದು ಒಂದೊಂದು ಜಾಗದಲ್ಲಿ ಇಟ್ಕೊಂಡೈತೆ. ನಮ್ಮಲ್ಲಿ ಮೇಲಿನ ಲೈನಲ್ಲೊಬ್ಳು ನಿಂಗಮ್ಮ, ಕೆಳಗಿನ ಲೈನಲ್ಲೊಬ್ಳು ನಿಂಗಮ್ಮ. ಮನೆ ನೋಡಿದ್ರೆ ಬೇರೇನೇ ಕಣ್ ಸಾರ್. ಹೆಸರು ಒಂದೇನಾ ಅಂತ ಬೇಕಾದ್ರೆ ಅಕ್ಷರಾನೇ ಓದ್ಬೇಕು."

ಅಕ್ಷರ ಹೋಲಿಸುವ ಆಜ್ಞೆ ಬೇರೆಯೇ ಇತ್ತು. ಅದನ್ನು ಅವಳೇ ಹಾಕಿಕೊಟ್ಟಳು. ಉತ್ತರ ಬಂತು: ಸೊನ್ನೆ.

"ನೋಡಿದ್ಯಾ, ನಿನ್ನದೂ ತಪ್ಪು!" ಎಂದೆ, ಸ್ವಲ್ಪ ಖುಷಿಯಾಗಿಯೇ.

"ಅದು ಹೇಳೋದು ವ್ಯತ್ಯಾಸ ಸಾರ್. ಎರಡಕ್ಕೂ ವ್ಯತ್ಯಾಸ ಎಷ್ಟು?" ಎಂದಳು ಮೆಲ್ಲಗೆ.

ವ್ಯತ್ಯಾಸ ಸೊನ್ನೆಯಾದರೆ ಎರಡೂ ಸಮ. ಇಷ್ಟು ಚೊಕ್ಕವಾಗಿ ನಾನು ಯಾವ ಕ್ಲಾಸಿಗೂ ಪಾಠ ಮಾಡಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ, ಇಂಥ ತಲೆಗೆ ಕೆಂಪು ಗೆರೆ ಎಳೆದೆನಲ್ಲ ಎಂದು ನಾಚಿಕೆಯಾಯಿತು.

ಮುಂದಿನ ವಾರ ಕ್ಲಾಸಿಗೆ ಹೊಸಬರು ಬಂದರು. ಇದನ್ನು ಅವರಿಗೆ ಯಾರು ಹೇಳಿಕೊಡುತ್ತೀರಿ ಎಂದು ಕಲಿಸುವಾಕೆ ಕೇಳಿದ್ದೇ ತಡ, ಈ ಮೇಷ್ಟ್ರ ಕಾಲು ತಾನಾಗಿ ಎದ್ದು ನಿಂತಿತು. ಮೇಲಿನ ಲೈನು, ಕೆಳಗಿನ ಲೈನು, ಇಬ್ಬರು ನಿಂಗಮ್ಮಂದಿರು, ಎಲ್ಲವನ್ನೂ ನಾನೇ ಕಾಗದ ಹಂಚಿ ಬಂದವನಂತೆ ವಿವರಿಸಿದೆ. ಎಲ್ಲರೂ ತಲೆದೂಗಿದರು. ಕುಳಿತ ಮೇಲಷ್ಟೇ ಪಕ್ಕದ ಕುರ್ಚಿಯ ನೆನಪಾಗಿ ಓರೆಗಣ್ಣಿನಲ್ಲಿ ಅತ್ತ ನೋಡಿದೆ.

"ಚೆನ್ನಾಗಿ ಹೇಳಿದ್ರಿ ಸಾರ್," ಎಂದಳು ಸರೋಜ, "ನಂಗೂ ಈಗ್ಲೇ ಸರಿಯಾಗಿ ಅರ್ಥ ಆಗಿದ್ದು."

ಅದು ಗೌರವವೋ ಗೇಲಿಯೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.