ಸೌಹಾರ್ದ ವಿಚ್ಛೇದನ ಕೇಂದ್ರದ ಮೊದಲ ಗಿರಾಕಿ

ಕಾವಲುಗಾರನ ಪುಸ್ತಕದಲ್ಲಿ ‘ಬಂದ ಕಾರಣ’ ಎಂಬ ಖಾನೆಯೊಂದು ಇರದಿದ್ದರೆ ಜೋಡಿ ಮಾಮನ ಮಾನ ಆ ದಿನ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಹರಾಜಾಗುತ್ತಿರಲಿಲ್ಲ. ಹೆಸರು, ಫೋನ್ ನಂಬರು, ಮೈಯ ಬಿಸಿ ಎಲ್ಲ ತುಂಬಿಸಿದ ಮೇಲೆ ಆ ಖಾನೆಯ ಮುಂದೆ ಅವನ ಪೆನ್ನು ನಿಂತಿತು. ಗಂಡ ಹೆಂಡತಿಯನ್ನು ಬೇರೆ ಮಾಡಲು ಬಂದಿದ್ದೇನೆ ಎಂದು ಬರೆಯುವುದು ಹೇಗೆ? ‘ಗುಟ್ಟು ಕಾಪಾಡಲಾಗುವುದು’ ಎಂದು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದವನು ಅವನೇ. ಅಷ್ಟರಲ್ಲಿ ಹಿಂದೆ ನಿಂತಿದ್ದ ಹಾಲಿನವನು ಕೆಮ್ಮಿದ. ಆ ಕಾಲದಲ್ಲಿ ಬೆನ್ನ ಹಿಂದೆ ಯಾರಾದರೂ ಕೆಮ್ಮಿದರೆ ಯೋಚಿಸುತ್ತ ನಿಲ್ಲುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಕೈಯನ್ನು ಎಳೆದುಕೊಂಡು ಹೋಯಿತು. ‘ಮದುವೆ ವಿಷಯ’ ಎಂದು ಗೀಚಿ ಅವನು ಮೆಟ್ಟಿಲ ಕಡೆ ಓಡಿದ.

ಇಪ್ಪತ್ತೆರಡು ವರ್ಷ ಅವನು ಹೆಣ್ಣು ಗಂಡು ಜೋಡಿಸಿದವನು. ಜೋಡಿ ಮಾಮ ಎಂಬ ಹೆಸರು ಹಾಗೆ ಬಂದದ್ದು, ಈಗ ಸ್ವಂತ ಹೆಸರು ಅವನಿಗೇ ಫಕ್ಕನೆ ನೆನಪಾಗುವುದಿಲ್ಲ. ಸಾಂಕ್ರಾಮಿಕ ಬಂತು, ಮದುವೆ ಮಂಟಪಗಳಿಗೆ ಬೀಗ ಬಿತ್ತು, ಅವನು ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ. ಕೂತವನು ಸುಮ್ಮನೆ ಕೂರಲಿಲ್ಲ. ಹಾಲು ಯಾವಾಗ ಇಳಿಸಬೇಕು, ಬಟ್ಟೆ ಯಾವ ಕಡೆಯಿಂದ ಒಣಹಾಕಬೇಕು, ಈರುಳ್ಳಿ ಎಷ್ಟು ಸಣ್ಣಗೆ ಹೆಚ್ಚಬೇಕು ಎಂದು ಹೆಂಡತಿಗೆ ದಿನವಿಡೀ ಸಲಹೆ ಕೊಟ್ಟ. ಹೀಗೆ ಎರಡು ತಿಂಗಳು ಕಳೆದ ಮೇಲೆ ಅಕ್ಕಪಕ್ಕದ ಗೋಡೆಗಳಾಚೆಯಿಂದ ಗಂಡ ಹೆಂಡಿರ ಜಗಳ ಜೋರಾಗಿ ಕೇಳಿಸತೊಡಗಿತು. ಅವನ ತಲೆಗೆ ಒಂದು ಉಪಾಯ ಹೊಳೆಯಿತು.

ಸೌಹಾರ್ದ ವಿಚ್ಛೇದನ ಕೇಂದ್ರ! ಕೂಗಾಟವಿಲ್ಲ, ಕಣ್ಣೀರಿಲ್ಲ. ಮನೆಯ ಸಾಮಾನಿಗೆಲ್ಲ ಸ್ಟಿಕರ್ ಅಂಟಿಸುವುದು, ಕೆಂಪು ಹೆಂಡತಿಗೆ, ಹಸಿರು ಗಂಡನಿಗೆ. ಕೋರ್ಟಿನ ಕಾಗದಕ್ಕೆ ಪರಿಚಯದ ವಕೀಲರು. ಕೊನೆಗೆ ಇಬ್ಬರೂ ನಗುನಗುತ್ತ ‘ತೃಪ್ತ ಗ್ರಾಹಕರ ಅಭಿಪ್ರಾಯ’ ಎಂಬ ಹಾಳೆಗೆ ಸಹಿ ಮಾಡುವುದು. ಕರಪತ್ರ ಹಂಚಿ ಎರಡು ತಿಂಗಳಾದರೂ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಜನ ಗೋಡೆ ಬಿರಿಯುವಂತೆ ಜಗಳವಾಡುತ್ತಿದ್ದರೇ ಹೊರತು ಬಿಡುವ ಮಾತೆತ್ತಲಿಲ್ಲ.

ಹಿಂದಿನ ದಿನ ಸಂಜೆ ಅವನ ಹೆಂಡತಿ ಮಾತು ಮುಗಿಸಿಬಿಟ್ಟಿದ್ದಳು.

“ರೀ, ನಾಳೆ ಸಂಜೆಯೊಳಗೆ ನಿಮ್ಮ ಆ ಹಾಳೆ ಮೇಲೆ ಒಬ್ಬರದ್ದಾದ್ರೂ ಸಹಿ ಇರಬೇಕು. ಇಲ್ಲಾಂದ್ರೆ ನಾಡಿದ್ದಿಂದ ನನ್ನ ತಮ್ಮನ ಅಂಗಡಿ.”

ತಮ್ಮನ ಅಂಗಡಿಯಲ್ಲಿ ಕೆಲಸವೆಂದರೆ ಬಾಗಿಲಲ್ಲಿ ನಿಂತು ಬಂದವರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುವುದು, ಅವರ ಅಂಗೈಗೆ ಔಷಧಿ ನೀರು ಪಿಚಕಾರಿ ಹೊಡೆಯುವುದು. ಅದನ್ನಾದರೂ ಮಾಡಬಹುದಿತ್ತು. ಆದರೆ ಆ ಭಾವಮೈದುನನಿಗೆ ಹೆಣ್ಣು ಹುಡುಕಿ ಕೊಟ್ಟವನು ಜೋಡಿ ಮಾಮನೇ. ಹನ್ನೊಂದು ವರ್ಷವಾದರೂ ಭಾವಮೈದುನನ ಸಿಟ್ಟು ಆರಿರಲಿಲ್ಲ. ಅವನ ಬಾಗಿಲು ಕಾಯುವುದಕ್ಕಿಂತ ಜ್ವರ ಬಂದು ಮಲಗುವುದೇ ಮೇಲು ಎಂದು ಜೋಡಿ ಮಾಮ ಹಲ್ಲು ಕಚ್ಚಿದ. ಹೆಂಡತಿ ಬಟ್ಟೆ ಎತ್ತಲು ತಾರಸಿಗೆ ಹೋದಳು. ಅವಳು ಇಳಿದು ಬರುವಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಯಾರೋ ಗಂಡಸು. “ನಿಮ್ಮ ಕರಪತ್ರ ನೋಡಿದ್ವಿ. ನಾಳೆ ಬೆಳಗ್ಗೆ ಮನೆಗೆ ಬನ್ನಿ, ಕೂತು ಮಾತಾಡೋಣ.” ದೇವರಿದ್ದಾನೆ ಎಂದುಕೊಂಡ ಜೋಡಿ ಮಾಮ.

ಮೂರನೇ ಮಹಡಿಯ ಬಾಗಿಲು ತೆರೆದವಳು ಬಟ್ಟೆ ಹೊಲಿಯುವ ಹೆಂಗಸು. ಹೊಲಿಗೆ ಯಂತ್ರ ನಡುಮನೆಯಲ್ಲೇ ಇತ್ತು. ಅವಳ ಮುಖಗವಸು ಹಳದಿ ಬಟ್ಟೆಯದು, ಮೇಲೆ ನೀಲಿ ಹೂವು. ಜೋಡಿ ಮಾಮನಿಗೆ ಅವನ ಹೆಂಡತಿ ಹೊಲಿದುಕೊಟ್ಟ ಗವಸೂ ಅದೇ ಹಳದಿ, ಅದೇ ಹೂವು. ಈ ಹೂವಿನ ಗವಸು ಹಾಕಿಕೊಂಡು ಬೀದಿಗಿಳಿಯಲು ಅವನಿಗೆ ನಾಚಿಕೆಯಾಗಿತ್ತು. ಈಗ ಗಿರಾಕಿಯ ಮುಖದಲ್ಲೂ ಅದನ್ನೇ ಕಂಡು ಶುಭಶಕುನವೆಂದು ಹಿಗ್ಗಿದ. ಅವಳ ಗಂಡ ಕನ್ನಡಕದಂಗಡಿಯವನು. ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಜೋಡಿ ಮಾಮನನ್ನು ಕಂಡು ಅವನು ಕಳೆದುಹೋದ ಅಣ್ಣ ಸಿಕ್ಕಿದಂತೆ ಕಣ್ಣರಳಿಸಿದ.

“ಬನ್ನಿ ಬನ್ನಿ, ಫ್ಯಾನಿನ ಕೆಳಗೆ ಕೂತ್ಕೊಳ್ಳಿ. ಕಾಫಿನೋ ಟೀನೋ?”

“ಮೊದಲು ಟೀವಿಯಿಂದ ಶುರು ಮಾಡೋಣ,” ಎಂದು ಜೋಡಿ ಮಾಮ ಸ್ಟಿಕರ್ ತೆಗೆದ. “ಯಾರಿಗೆ?”

“ಅವರಿಗಿರಲಿ,” ಎಂದಳು ಹೊಲಿಗೆಯಾಕೆ.

“ಛೆ, ಅವಳಿಗೇ ಇರಲಿ. ಈ ಟೀವಿ ತಂದ ಕತೆ ಹೇಳಿದ್ನಾ ನಿಮಗೆ?”

ಹೇಳಿರಲಿಲ್ಲ. ಹೇಳಿದ. ಮುಕ್ಕಾಲು ಗಂಟೆ ಹಿಡಿಯಿತು. ಗೋಡೆ ಗಡಿಯಾರಕ್ಕೂ ಒಂದು ಕತೆಯಿತ್ತು, ಬಕೆಟ್ಟಿಗೂ ಇತ್ತು. ಮಂಚದ ಕತೆಯನ್ನು ಗಂಡ ಒಂದು ಥರ ಹೇಳಿದರೆ ಹೆಂಡತಿ ತಡೆದು ಮೊದಲಿಂದ ಹೇಳಿದಳು. ಮಧ್ಯಾಹ್ನ ಬಲವಂತದ ಊಟವಾಯಿತು. ಮೂರು ಗಂಟೆಗೆ ಲೆಕ್ಕ ಹಾಕಿದರೆ ಒಂಬತ್ತು ಸ್ಟಿಕರ್ ಅಂಟಿದ್ದವು, ಅದರಲ್ಲಿ ಐದನ್ನು ಕಿತ್ತು ಬದಲಾಯಿಸಲಾಗಿತ್ತು. ಆರರ ಮೇಲೆ ಬೀದಿಯಲ್ಲಿ ಓಡಾಡುವಂತಿಲ್ಲ. ಜೋಡಿ ಮಾಮನಿಗೆ ಒಳಗೊಳಗೇ ಅಳು ಬರುತ್ತಿತ್ತು.

ಆಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಟ್ಟಡದ ಸಂಘದ ಕಾರ್ಯದರ್ಶಿ ಆರಡಿ ದೂರ ನಿಂತು ಗಂಟಲು ಸರಿಮಾಡಿಕೊಂಡರು. ಅವರ ಹಿಂದೆ ಕಾವಲುಗಾರ, ಕೈಯಲ್ಲಿ ಪುಸ್ತಕ. ಮೇಲಿನ ಮೆಟ್ಟಿಲಲ್ಲಿ ನಾಲ್ಕನೇ ಮಹಡಿಯ ಅಜ್ಜಿ, ಅವರ ಕೈಯಲ್ಲಿ ಗಿಡಗಳಿಗೆ ಹೊಡೆಯುವ ಪಿಚಕಾರಿ.

“ಯಾರದ್ದು ರೀ ಮದುವೆ?” ಎಂದರು ಕಾರ್ಯದರ್ಶಿ. “ಐವತ್ತು ಜನರ ಮೇಲೆ ಸೇರೋ ಹಾಗಿಲ್ಲ, ಈಗಲೇ ಹೇಳಿಬಿಡ್ತೀನಿ.”

“ಮದುವೆನಾ?” ಎಂದಳು ಹೊಲಿಗೆಯಾಕೆ.

“ಪುಸ್ತಕದಲ್ಲಿ ಬರೆದಿದೆಯಲ್ಲಮ್ಮಾ, ಮದುವೆ ವಿಷಯ ಅಂತ,” ಎಂದ ಕಾವಲುಗಾರ.

ಮೇಲಿಂದ ಅಜ್ಜಿ ಕೂಗಿದರು. “ಮಕ್ಕಳಿಲ್ಲದ ಮನೇಲಿ ಮದುವೆ ಅಂದ್ರೆ ಇನ್ಯಾರದು? ಇವನದೇ! ಗಂಡಸರನ್ನ ನಾಲ್ಕು ತಿಂಗಳು ಮನೇಲಿ ಕೂರಿಸಿದ್ರೆ ಇದೇ ಬುದ್ಧಿ ಬರೋದು.”

ಹೊಲಿಗೆಯಾಕೆ ಕತ್ತರಿ ಹಿಡಿದೇ ಎದ್ದಳು. “ಏನ್ರೀ ಇದು? ನಂಗೆ ಗೊತ್ತಿಲ್ಲದ ಹಾಗೆ ಇನ್ನೊಂದು ಮದುವೆನಾ?”

“ನಂಗೂ ಗೊತ್ತಿಲ್ವೇ!” ಎಂದ ಗಂಡ, ಬೆವರುತ್ತ.

ಅವಳು ಕೆಂಪು ಸ್ಟಿಕರಿನ ಹಾಳೆಯನ್ನು ಜೋಡಿ ಮಾಮನ ಕೈಯಿಂದ ಕಿತ್ತುಕೊಂಡಳು. ಟೀವಿಗೆ ಒಂದು, ಮಂಚಕ್ಕೊಂದು, ಬಕೆಟ್ಟಿಗೊಂದು ಪಟಪಟನೆ ಬಡಿದಳು. ಕೊನೆಗೆ ಗಂಡನ ಹಣೆಯ ನಟ್ಟನಡುವೆ ಒಂದು ಅಂಟಿಸಿ ಹೆಬ್ಬೆರಳಿಂದ ಒತ್ತಿದಳು. “ಇದೂ ನಂದೇ! ಯಾರು ತಗೊಂಡು ಹೋಗ್ತಾರೋ ನೋಡ್ತೀನಿ!”

“ಮದುವೆ ಅಲ್ಲಾರೀ!” ಜೋಡಿ ಮಾಮ ಬಾಗಿಲಿಗೆ ಬಂದು ಕಿರುಚಿದ. “ವಿಚ್ಛೇದನ! ನಾನು ಇವರಿಬ್ಬರನ್ನ ಬಿಡಿಸೋಕೆ ಬಂದೋನು!”

ಎಲ್ಲ ಮಹಡಿಯ ಬಾಗಿಲುಗಳೂ ತೆರೆದುಕೊಂಡವು.

“ಊರೇ ಸಂಕಟದಲ್ಲಿದೆ, ನೀನು ಸಂಸಾರ ಒಡೀತಾ ಓಡಾಡ್ತಿದ್ದೀಯಾ?” ಎಂದರು ಕಾರ್ಯದರ್ಶಿ, ಬಹುವಚನ ಬಿಟ್ಟು. ಅಜ್ಜಿ ಎರಡು ಮೆಟ್ಟಿಲು ಇಳಿದರು. ಪಿಚಕಾರಿ ಎತ್ತಿ ಅವನ ತಲೆಯಿಂದ ಕಾಲಿನವರೆಗೆ ಹೊಡೆದರು. ಅದರಲ್ಲಿದ್ದದ್ದು ರೋಗಾಣು ಕೊಲ್ಲುವ ನೀರೋ ಹುಳು ಕೊಲ್ಲುವ ಔಷಧಿಯೋ ಕೇಳುವ ಧೈರ್ಯ ಜೋಡಿ ಮಾಮನಿಗಿರಲಿಲ್ಲ. ಕನ್ನಡಕದಂಗಡಿಯವನು ಅವನನ್ನು ಒಳಗೆಳೆದು ಬಾಗಿಲು ಹಾಕಿದ.

ತೊಟ್ಟಿಕ್ಕುತ್ತ ನಿಂತ ಜೋಡಿ ಮಾಮ ಚೀಲದಿಂದ ಆ ಹಾಳೆ ತೆಗೆದ. ಅದೃಷ್ಟಕ್ಕೆ ಅದು ಒದ್ದೆಯಾಗಿರಲಿಲ್ಲ. “ಒಂದೇ ಒಂದು ಸಹಿ, ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ನನ್ನ ಬಾಳು ಭಾವಮೈದುನನ ಬಾಗಿಲಲ್ಲಿ ಮುಗಿದುಹೋಗುತ್ತೆ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗಂಡನ ಹಣೆಯಲ್ಲಿ ಸ್ಟಿಕರ್ ಇನ್ನೂ ಇತ್ತು.

“ತಪ್ಪು ತಿಳೀಬೇಡಿ,” ಎಂದ ಅವನು ಮೆಲ್ಲಗೆ. “ನಾವು ಬಿಡ್ತೀವಿ ಅಂತ ಯಾವತ್ತೂ ಅಂದಿಲ್ಲ. ಕೂತು ಮಾತಾಡೋಣ ಅಂದ್ವಿ, ಅಷ್ಟೇ. ನಾಲ್ಕು ತಿಂಗಳಾಯ್ತು, ಈ ಮನೆಗೆ ಯಾರೂ ಬಂದು ಕೂತಿಲ್ಲ. ನನ್ನ ಕತೆಯೆಲ್ಲ ಅವಳಿಗೆ ಗೊತ್ತು, ಅವಳದ್ದೆಲ್ಲ ನಂಗೆ ಗೊತ್ತು. ನೀರಿನ ಫಿಲ್ಟರಿನವನನ್ನ ಕರೆಸಿದ್ವಿ, ಅರ್ಧ ಗಂಟೇಲಿ ಎದ್ದುಹೋದ. ನೀವು ಮಾತ್ರ ಒಂದೊಂದು ಸಾಮಾನನ್ನೂ ವಿಚಾರಿಸಿದ್ರಿ.”

“ಹಾಗಾದ್ರೆ ಸಹಿ?”

“ಬಿಡದೇನೇ ಬಿಟ್ವಿ ಅಂತ ಹೇಗೆ ಹಾಕೋದು ಅಣ್ಣಾ? ಸುಳ್ಳಾಗುತ್ತಲ್ಲ,” ಎಂದಳು ಹೊಲಿಗೆಯಾಕೆ. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು.

ಜೋಡಿ ಮಾಮ ಖಾಲಿ ಬೀದಿಯಲ್ಲಿ ಕಾಲೆಳೆದುಕೊಂಡು ನಡೆದ. ಜೋಡಿಸುವ ಕಾಲ ಹೋಯಿತು, ಬಿಡಿಸಲು ಹೋದರೆ ಜನ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ. ಐವತ್ತು ದಾಟಿದ ಮೇಲೆ ತನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂಬುದು ಅವನಿಗೆ ಆ ಬೀದಿಯಲ್ಲಿ ಸ್ಪಷ್ಟವಾಯಿತು. ಕಣ್ಣೊರೆಸಲು ಕೈ ಎತ್ತುವಷ್ಟರಲ್ಲಿ ಕಣ್ಣೀರು ಮುಖಗವಸಿಗೆ ಇಳಿದಿತ್ತು.

ಮನೆಗೆ ಬಂದರೆ ಹೆಂಡತಿ ಅವನ ಕುರ್ಚಿಯಲ್ಲಿ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡು ಕೂದಲು ಹರಡಿದ್ದಳು, ಕಾಲು ಕಿಟಕಿಯ ಮೇಲಿತ್ತು. ಇಷ್ಟು ನೆಮ್ಮದಿಯ ಮುಖವನ್ನು ಅವನು ನಾಲ್ಕು ತಿಂಗಳಲ್ಲಿ ಕಂಡಿರಲಿಲ್ಲ.

“ಸಹಿ ಸಿಗಲಿಲ್ಲ ಕಣೇ,” ಎಂದು ಕುಸಿದು ಕೂತ.

“ಗೊತ್ತಿತ್ತು ಬಿಡಿ. ಅವಳು ನನ್ನ ಜೊತೆ ಹೊಲಿಗೆ ಕ್ಲಾಸಿಗೆ ಬರ್ತಿದ್ದಾಗಿಂದ್ಲೂ ಹಾಗೇ, ಸುಳ್ಳಿಗೆ ಆಗದ ಹೆಂಗಸು.”

ಜೋಡಿ ಮಾಮನ ಕೈ ತಾನಾಗಿ ಮುಖದ ಹಳದಿ ಗವಸಿಗೆ ಹೋಯಿತು. “ಆ ಫೋನ್ ಮಾಡ್ಸಿದ್ದು... ನೀನಾ?”

“ನಿನ್ನೆ ತಾರಸಿಯಿಂದ ಅವಳಿಗೆ ಫೋನ್ ಮಾಡಿ ಹೇಳ್ದೆ. ಅವರಿಗೆ ಮನೆಗೆ ಒಬ್ಬರು ಬರಬೇಕಿತ್ತು. ನಂಗೆ ಮನೆಯಿಂದ ಒಬ್ಬರು ಹೋಗಬೇಕಿತ್ತು. ಈರುಳ್ಳಿ ನನ್ನಿಷ್ಟದ ಹಾಗೆ ಹೆಚ್ಚಿ ಎಷ್ಟು ದಿನ ಆಗಿತ್ತು ಗೊತ್ತೇನ್ರೀ?” ಅವಳು ಕೈ ಚಾಚಿದಳು. “ಕೊಡಿ ಇಲ್ಲಿ ಆ ಹಾಳೆ.”

ಅವಳು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟಳು. ಅವನು ಓದಿದ. ‘ಒಂದು ದಿನ ಬೇರೆ ಇದ್ದೆವು. ಕೂಗಾಟವಿಲ್ಲ, ಕಣ್ಣೀರಿಲ್ಲ. ಬಹಳ ತೃಪ್ತಿಯಾಗಿದೆ.’ ಕೇಂದ್ರದ ಮೊದಲ ಸಹಿ! ಎದೆಯೊಳಗೆ ಏನೋ ಚುಚ್ಚಿತು. ಅದರ ಜೊತೆಗೇ ಒಂದು ಆಸೆಯೂ ತಲೆಯೆತ್ತಿತು.

“ಸಹಿ ಬಂತಲ್ಲ, ಮಾತು ಮಾತೇ. ಹಾಗಾದ್ರೆ ಅಂಗಡಿಗೆ ಹೋಗೋದು ತಪ್ಪಿತು ಅಲ್ವೇನೇ?”

“ಹಿಂದುಗಡೆ ತಿರುಗಿಸಿ ಓದಿ,” ಎಂದಳು.

ಅವನು ಹಾಳೆ ತಿರುಗಿಸಿದ. ‘ಇದೇ ಸೇವೆ ನಾಳೆಯಿಂದ ದಿನವೂ ಬೇಕು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ತಮ್ಮನಿಗೆ ಹೇಳಿಯಾಗಿದೆ.’