ಆರ್ವಿಡ್‌ನ ನಿಷ್ಪಕ್ಷಪಾತ ಮೂಗು

ಸರೋವರ ಹೆಪ್ಪುಗಟ್ಟಿತೇ ಇಲ್ಲವೇ ಎಂಬ ಬಗ್ಗೆ ಡುಲೂತ್ ಪಟ್ಟಣದಲ್ಲಿ ಎರಡು ಅಭಿಪ್ರಾಯ ಇರಬಹುದಿತ್ತು. ಆರ್ವಿಡ್ ಟೊರ್ಗರ್ಸನ್ನನ ಮೂಗಿನ ಬಗ್ಗೆ ಇರಲಿಲ್ಲ. ಅವನ ಅತ್ತೆಯ ಬೆಕ್ಕು ಮೂರು ಬೀದಿ ಆಚೆ ಮೈ ಕೊಡವಿದರೆ ಸಾಕು, ಇಲ್ಲಿ ಹನ್ನೊಂದು ಸೀನು. ಒಮ್ಮೆ ಆ ಅಬ್ಬರಕ್ಕೆ ಪಕ್ಕದ ಮನೆಯ ಸೂರಿನ ಹಿಮವೆಲ್ಲ ಕುಸಿದು, ಸಲಿಕೆ ಹಿಡಿಯುವ ಕಷ್ಟ ತಪ್ಪಿತೆಂದು ಆ ಮನೆಯವರು ಸೇಬಿನ ಪೈ ಕಳಿಸಿದರಂತೆ.

ಎಂಬತ್ತೊಂದರ ಅತ್ತೆ ಆರ್ಡಿಸ್ ಮಂಜಿನಲ್ಲಿ ಜಾರಿ ಬಿದ್ದ ಮೇಲೆ, ಚಳಿಗಾಲಕ್ಕೆ ಅವರನ್ನು ನೆಲಮಾಳಿಗೆಯ ಕೋಣೆಗೆ ಕರೆತರಬೇಕೆಂದು ಹೆಂಡತಿ ಮಾರ್ಲಿಸ್ ಹಟ ಹಿಡಿದಳು. ಬೆಕ್ಕು ಬಿಟ್ಟು ಅವರು ಬರುವವರಲ್ಲ. ಆ ಕೋಣೆಯಲ್ಲೋ, ಆರ್ವಿಡ್‌ನ ಮೀನು ಹಿಡಿಯುವ ಸಾಮಗ್ರಿಯ ಸಾಮ್ರಾಜ್ಯ.

"ನಿಮ್ಮಮ್ಮನ ಮೇಲೆ ನಂಗೇನೂ ಇಲ್ಲ ಕಣೇ. ಇದು ಬರೀ ಜೀವಶಾಸ್ತ್ರ. ಮೂಗಿಗೆ ಅಭಿಪ್ರಾಯ ಇರಲ್ಲ."

"ಮನಶ್ಶಾಸ್ತ್ರದ ಮೇಷ್ಟ್ರು ನೀನು, ಕಾಲೇಜಲ್ಲಿ ಬೇರೇನೇ ಪಾಠ ಮಾಡ್ತೀಯಲ್ಲ? ಮನಸ್ಸಿನ ತಳದಲ್ಲಿ ಕೂತ ನಂಬಿಕೆ ಮೈಯನ್ನೇ ಕುಣಿಸುತ್ತೆ ಅಂತ?"

"ಅದು ಪರೀಕ್ಷೆಗೆ ಬರೋ ಪಾಠ. ಮನೆಗಲ್ಲ."

"ಸರಿ. ಭಾನುವಾರ ಅಮ್ಮ ಊಟಕ್ಕೆ ಬರ್ತಾಳೆ. ಬೆಕ್ಕಿಗೆ ನೀನು ಸೀನಿದ್ರೆ ಮತ್ತೆ ಆ ಮಾತೆತ್ತಲ್ಲ."

ಭಾನುವಾರ, ತುಪ್ಪಳದ ಟೋಪಿಯನ್ನು ಕಿರೀಟದಂತೆ ಧರಿಸಿ ಆರ್ವಿಡ್ ಬಾಗಿಲಲ್ಲಿ ನಿಂತ. ಆರ್ಡಿಸ್ ಕೋಲೂರಿಕೊಂಡು ಕಾರಿನಿಂದ ಇಳಿದರು. ಹಿಂದೆಯೇ ಮಾರ್ಲಿಸ್, ಕೈಯಲ್ಲಿ ದಪ್ಪ ಕೌದಿ ಹೊದಿಸಿದ, ಎರಡು ಹಿಡಿಕೆಯ ಗಂಟು.

ಬೆಕ್ಕಿನ ಬುಟ್ಟಿಯೆಂದು ಮೂಗು ಗುರುತಿಸಿತು. ಮೊದಲ ಸೀನಿಗೆ ಕನ್ನಡಕ ಹಾರಿತು. ಏಳನೆಯದಕ್ಕೆ ಅವನು ಬಾಗಿಲವಾಡ ಹಿಡಿದ. ಹನ್ನೊಂದು ಮುಗಿಸಿ, ಕಣ್ಣೀರು ಸುರಿಸುತ್ತಲೇ ಬೀಗಿದ: "ಕಂಡೆಯಾ? ಜೀವಶಾಸ್ತ್ರ!"

ಆರ್ಡಿಸ್ ಕೌದಿ ಬಿಚ್ಚಿದರು. ಒಳಗೆ ಎರಡು ಹಿಡಿಕೆಯ ಪಾತ್ರೆ; ಅದರಲ್ಲಿ ಹಬೆಯಾಡುವ ಆಲೂಗಡ್ಡೆ, ಕೈಮಾ, ಮೇಲೆ ಕರಗಿದ ಚೀಸ್.

"ಬೆಕ್ಕೆಲ್ಲಿ?" ಎಂದ ಆರ್ವಿಡ್, ಕ್ಷೀಣವಾಗಿ.

"ಗುರುವಾರದಿಂದ ನಮ್ಮನೇಲೇ ಇದೆ," ಎಂದಳು ಮಾರ್ಲಿಸ್. "ಬಟ್ಟೆ ಒಗೆಯೋ ಕೋಣೇಲಿ. ಮದುವೆಯಾಗಿ ಮೂವತ್ತು ವರ್ಷ, ಆ ಕಡೆ ನೀನು ತಲೆ ಹಾಕಿದ್ದುಂಟಾ? ರಾತ್ರಿ ಹೊತ್ತು ಅದಕ್ಕೆ ನಿನ್ನ ಟೋಪಿನೇ ಹಾಸಿಗೆ."

ಟೋಪಿ ತೆಗೆದು ನೋಡಿದರೆ, ಇನ್ನೊಂದು ಬೆಕ್ಕನ್ನು ಹೆಣೆಯುವಷ್ಟು ಕೆಂಚು ಕೂದಲು. ಮೂರು ದಿನ ಅದನ್ನೇ ತಲೆಗೇರಿಸಿಕೊಂಡು ಒಂದು ಸಲವೂ ಸೀನದ ಮಹಾಮೂಗು ಈಗಲೂ ತೆಪ್ಪಗಿತ್ತು.

"ಹಾಗಾದ್ರೆ ನಿಂಗೆ ಆಗದೇ ಇರೋದು ಯಾವುದಪ್ಪ?" ಆರ್ಡಿಸ್ ಮೆಲ್ಲನೆ ಕೇಳಿದರು. "ಬೆಕ್ಕೋ, ನಾನೋ?"

ಆರ್ವಿಡ್ ನೆಲಮಾಳಿಗೆಯ ಮೆಟ್ಟಿಲ ಕಡೆ ನೋಡಿದ.

"ಎರಡೂ ಅಲ್ಲ ಅತ್ತೆ. ಆ ಗಾಳ, ಐಸ್ ಕೊರೆಯೋ ಯಂತ್ರ ಎಲ್ಲಾ ನಾನೇ ಗ್ಯಾರೇಜಿಗೆ ಹೊರಬೇಕಲ್ಲ. ಅದು."