ಭಾವನ ಮನೆಯ ಎರಡು ಪೆಟ್ಟಿಗೆಗಳು

ನಮ್ಮ ಭಾವನ ಮನೆಗೆ ಕಳ್ಳರು ಬರುವುದಿಲ್ಲ. ಬಂದರೆ ಅವರೇ ಹೆದರಿ ಪೊಲೀಸರಿಗೆ ಫೋನ್ ಮಾಡಿಯಾರು!

ಕೋಡಿಂಬಾಳದ ಆ ಮನೆಯಲ್ಲಿ ಎರಡು ಪೆಟ್ಟಿಗೆಗಳಿವೆ. ಒಂದು, ಕಳ್ಳರ ಸುಳಿವು ಸಿಕ್ಕರೆ ಕೂಗುವಂಥದ್ದು. ಇನ್ನೊಂದು, ತಾನಾಗಿ ದೀಪ, ಫ್ಯಾನು ಹಾಕುವಂಥದ್ದು. ಅಕ್ಕ ತೀರಿಕೊಂಡ ಮೇಲೆ ಭಾವ, ಒಂದು ಕಂಡದ್ದು ಇನ್ನೊಂದಕ್ಕೂ ತಿಳಿಯಲೆಂದು, ತಿಂಗಳುಗಟ್ಟಲೆ ಇವೆರಡರ ನೆಂಟಸ್ತಿಕೆ ಕುದುರಿಸಲು ಕೂತರು. "ಇದು ಹೇಳಿದ್ದು ಅದಕ್ಕೆ ಕೇಳುದಿಲ್ಲ ಮಾರಾಯ," ಎಂದು ಗೊಣಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅಕ್ಕ ಇವರ ಬಗ್ಗೆ ಹೇಳುತ್ತಿದ್ದುದೂ ಇದನ್ನೇ!

ಅಂತೂ ಜೋಡಿ ಕೂಡಿತು. ನಾನು ಹಾಡಹಗಲೇ ಬಚ್ಚಲಿಗೆ ಹೊರಟರೆ, ನಾನು ತಲುಪುವ ಮೊದಲೇ ಅಲ್ಲಿ ದೀಪ! ಯಾರೂ ಇಲ್ಲದ ಚಾವಡಿಯಲ್ಲಿ ಫ್ಯಾನು ತಿರುಗುವುದು, ನಿಲ್ಲುವುದು. ಊಟಕ್ಕೆ ಕೂತಾಗ ಗೋಡೆಯಿಂದ ಒಂದು ಹೆಣ್ಣುದನಿ: "ಹಿಂಬಾಗಿಲ ಬಳಿ ಯಾರೋ ಇದ್ದಾರೆ." ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿದೆ. ಒಂದು ಬೆಕ್ಕೂ ಇರಲಿಲ್ಲ.

"ಎಂತ ಭಾವ ಇದು?"

"ಎಂತ ಇಲ್ಲ. ಅವಳಿಗೆ ಸ್ವಲ್ಪ ಸಂಶಯ ಜಾಸ್ತಿ."

ಅವಳು ಎಂದರೆ ಪೆಟ್ಟಿಗೆ!

ಅಕ್ಕನ ವರ್ಷದ ದಿನ ಬಂತು. ನಮ್ಮಲ್ಲಿ ತೀರಿಕೊಂಡವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಸುಮ್ಮನೆ ನಿಲ್ಲುವುದು ಕ್ರಮ. ಅವರು ಬಂದು ಉಂಡು ಹೋಗಬೇಕಲ್ಲ! ಬಿಸಿ ಅನ್ನ, ಕೋಳಿ ಪದಾರ್ಥ, ಅಕ್ಕನಿಗೆ ಪ್ರಾಣವಾಗಿದ್ದ ಬಂಗುಡೆ ಮೀನು ಬಡಿಸಿ ಬಾಗಿಲು ಹಾಕಿದೆವು. ಆ ಕೋಣೆಯ ಪಹರೆ ನಿಲ್ಲಿಸುವುದನ್ನು ಭಾವ ಮರೆತಿದ್ದರು.

ಒಂದು ನಿಮಿಷ ಆಗಿರಬೇಕು. ಮುಚ್ಚಿದ ಬಾಗಿಲ ಹಿಂದೆ ಫ್ಯಾನು ತಿರುಗತೊಡಗಿತು. ಬಾಗಿಲಡಿಯಿಂದ ಬೆಳಕು ಹೊರಬಂತು.

"ಒಳಕೋಣೆಯಲ್ಲಿ ಯಾರೋ ಇದ್ದಾರೆ," ಎಂದಿತು ಗೋಡೆ.

ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ನನ್ನ ತೋಳು ಹಿಡಿದರು. "ಅನ್ನದ ಹಬೆಗೆ ಇರ್ಬೇಕು," ಎಂದೆ. ಆ ದನಿ ನನ್ನದೆಂದು ನನಗೇ ಅನಿಸಲಿಲ್ಲ.

ಭಾವನ ಫೋನು ಗುರುಗುಟ್ಟಿತು. ಅರ್ಧ ನಿಮಿಷದೊಳಗೆ ಉತ್ತರ ಕೊಡದಿದ್ದರೆ ಸೈರನ್ ಹೊಡೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಂದವಳು ಅರೆಹೊಟ್ಟೆಯಲ್ಲಿ ಎದ್ದು ಹೋಗಬೇಕೇ?

"ಆಫ್ ಮಾಡಿ ಭಾವ, ಬೇಗ!"

ಅವರು ಪರದೆಯನ್ನೇ ನೋಡುತ್ತಿದ್ದರು. ನಾನೂ ಇಣುಕಿದೆ. 'ಇವರು ಮನೆಯವರೇ?' ಎಂಬ ಪ್ರಶ್ನೆ. ಕೆಳಗೆ ಹೌದು, ಅಲ್ಲ.

ಭಾವ ಹೌದು ಒತ್ತಿದರು.

"ಇನ್ನು ಕೂಗುದಿಲ್ಲ," ಎಂದರು ಬಾಗಿಲ ಕಡೆ ತಿರುಗಿ. "ನೀನು ನಿಧಾನ ಊಟ ಮಾಡು."

ಇಷ್ಟು ದಿನ ಅವರನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆ ದಿನ ಬಾಗಿಲು ತೆರೆಯಲು ಯಾರೂ ಅವಸರ ಮಾಡಲಿಲ್ಲ.